ಬೋರ್ಡಿನ ಮೇಲಿನ ಇಸವಿಗೆ ಎಷ್ಟು ತೂಕ?

ಪ್ರಶ್ನೆ: ಮಗಳ ಮದುವೆಗೆ ಒಡವೆ ಮಾಡಿಸಬೇಕು. ನಮ್ಮತ್ತೆಯವರು "ಹಳೇ ಅಂಗಡಿಗೇ ಹೋಗು, ನೂರು ವರ್ಷದಿಂದ ಇದ್ದಾರೆ" ಅಂತಾರೆ. ಮಗಳು "ಈಗ ಎಲ್ಲಾ ಕಡೆ ಹಾಲ್‌ಮಾರ್ಕ್ ಇದೆ, ಎಲ್ಲಿ ತಗೊಂಡರೂ ಒಂದೇ" ಅಂತಾಳೆ. ಬೆಂಗಳೂರಿನ ಹಳೇ ಮನೆತನದ ಚಿನ್ನದಂಗಡಿಗಳು ಇಷ್ಟು ವರ್ಷ ಉಳಿದದ್ದು ಹೇಗೆ? ಬೋರ್ಡಿನ ಮೇಲೆ ಬರೆದ ಇಸವಿಗೆ ಈಗಲೂ ಬೆಲೆ ಇದೆಯಾ?

ಉತ್ತರ: ಮದುವೆ ಕಾಲ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಮೊದಲೇ ಹೇಳಿಬಿಡುತ್ತೇನೆ. ಚಿನ್ನದ ಶುದ್ಧತೆಯ ಮಟ್ಟಿಗೆ ನಿಮ್ಮ ಮಗಳ ಮಾತು ಸರಿ. ಹಾಗಂತ ನಿಮ್ಮತ್ತೆಯವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಹಳೇ ಅಂಗಡಿಯ ಬೆಲೆ ಒಡವೆ ಕೊಂಡ ದಿನ ಗೊತ್ತಾಗುವುದಿಲ್ಲ. ಮೂವತ್ತೋ ನಲವತ್ತೋ ವರ್ಷ ಬಿಟ್ಟು ಅದನ್ನೇ ಕೈಯಲ್ಲಿ ಹಿಡಿದುಕೊಂಡು ವಾಪಸ್ ಹೋದ ದಿನ ಗೊತ್ತಾಗುತ್ತದೆ.

ನನಗೆ ಇದು ತಿಳಿದದ್ದು ನಮ್ಮಜ್ಜಿಯ ಅವಲಕ್ಕಿ ಸರದಿಂದ. ಅಜ್ಜಿ ಅದನ್ನು ಪೇಟೆಯ ಒಂದು ಅಂಗಡಿಯಲ್ಲಿ ಮಾಡಿಸಿದ್ದರು. ಬಿಲ್ಲಿನಲ್ಲಿ ತೂಕ ಬರೆದಿದ್ದು ತೊಲದ ಲೆಕ್ಕದಲ್ಲಿ, ನಾಲ್ಕು ತೊಲ. ಒಂದು ತೊಲ ಅಂದರೆ 11.66 ಗ್ರಾಂ. ಅಜ್ಜಿ ಹೋದಮೇಲೆ ಸರ ಅಮ್ಮನಿಗೆ ಬಂತು. ಕೊಂಡಿ ಸವೆದು ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಮನೆ ಹತ್ತಿರದ ಹೊಸ ಅಂಗಡಿಗೆ ತಗೊಂಡು ಹೋದೆವು. ಮೆಷಿನ್ ಕೆಳಗಿಟ್ಟು ನೋಡಿ, "ಇದು 22 ಕ್ಯಾರೆಟ್ ಇಲ್ಲ ಮೇಡಂ, ನಿಮಗೆ ಮೋಸ ಮಾಡಿದ್ದಾರೆ" ಅಂದುಬಿಟ್ಟರು. ಅಮ್ಮನ ಮುಖ ಸಣ್ಣಗಾಯಿತು. ಚಿನ್ನಕ್ಕಿಂತ ಜಾಸ್ತಿ ಅವರಿಗೆ ನೋವಾದದ್ದು ಅಜ್ಜಿ ಮೋಸಹೋದರು ಅನ್ನೋ ಮಾತಿನಿಂದ.

ಆಮೇಲೆ ಬಿಲ್ಲು ಹುಡುಕಿ ಮಾಡಿಸಿದ ಅಂಗಡಿಗೇ ಹೋದೆವು. ಅಲ್ಲಿ ಕೂತಿದ್ದವರು ಮೊಮ್ಮಗನೋ ಮರಿಮಗನೋ. ಸರವನ್ನು ಭೂತಗನ್ನಡಿಯಲ್ಲಿ ನೋಡಿ, "ಚಿನ್ನ ಸರಿಯಾಗೇ ಇದೆ ಅಮ್ಮ, ಕಡಿಮೆ ಬಂದಿರೋದು ಬೆಸುಗೆಯಿಂದ" ಅಂದರು. ಅವಲಕ್ಕಿ ಸರದಲ್ಲಿ ಚಿಕ್ಕ ಚಿಕ್ಕ ತುಣುಕುಗಳು. ಒಂದೊಂದಕ್ಕೂ ಬೆಸುಗೆ. ಆ ಕಾಲದ ಬೆಸುಗೆ ಅಂದರೆ ಚಿನ್ನಕ್ಕೆ ತಾಮ್ರ, ಬೆಳ್ಳಿ ಬೆರೆಸಿದ್ದು. ಒಡವೆಗಿಂತ ಮೊದಲೇ ಕರಗಬೇಕಲ್ಲ, ಅದಕ್ಕೆ ಬೆರಕೆ ಜಾಸ್ತಿ ಇರುತ್ತಿತ್ತು. ಹಾಗಾಗಿ ಪೂರ್ತಿ ಸರ ಕರಗಿಸಿದರೆ ಕ್ಯಾರೆಟ್ ಕೆಳಗಿಳಿಯಲೇಬೇಕು. "ನಮ್ಮ ತಾತನ ಕೈ ಬೆಸುಗೆ, ನಷ್ಟ ನಮ್ಮದೇ" ಎಂದು ಬಿಲ್ಲಿನಲ್ಲಿದ್ದ ಮಟ್ಟಕ್ಕೇ ಲೆಕ್ಕ ಹಾಕಿದರು. ಎಲ್ಲಾ ಹಳೇ ಅಂಗಡಿಯವರೂ ಹೀಗೇ ಮಾಡುತ್ತಾರೆ ಅಂತ ನಾನು ಹೇಳುವುದಿಲ್ಲ. ಆದರೆ ಆ ಮನೆ ಯಾಕೆ ಉಳಿಯಿತು ಅನ್ನೋದು ನನಗೆ ಅವತ್ತು ಅರ್ಥವಾಯಿತು.

ಈಗ ಇತಿಹಾಸಕ್ಕೆ ಬರೋಣ. ನಮ್ಮ ಊರಿನ ಹಳೇ ಹೆಸರುಗಳಲ್ಲಿ ಸಿ. ಕೃಷ್ಣಯ್ಯ ಚೆಟ್ಟಿ ಅಂಗಡಿಯ ಇಸವಿ 1869. ಗಂಜಾಂ ನಾಗಪ್ಪ ಅಂಡ್ ಸನ್ ಹೆಸರಿನ ಜೊತೆಗಿರುವುದು 1889. 1869 ಅಂದರೆ ಎಂಥ ಕಾಲ ನೋಡಿ. ಮುಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡು ಒಂದೇ ವರ್ಷ. ಸಂಸ್ಥಾನ ಇನ್ನೂ ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು, ಒಡೆಯರಿಗೆ ಮರಳಿ ಬಂದದ್ದು 1881ರಲ್ಲಿ. ರೈಲು ಬೆಂಗಳೂರಿನ ದಂಡು ಪ್ರದೇಶಕ್ಕೆ, ಅಂದರೆ ಬ್ರಿಟಿಷ್ ಸೈನ್ಯದ ನೆಲೆಗೆ, ಬಂದು ಐದು ವರ್ಷವಾಗಿತ್ತು. ಕೋಲಾರದ ಗಣಿಯಲ್ಲಿ ಜಾನ್ ಟೇಲರ್ ಕಂಪನಿ ಕೆಲಸ ಶುರುಮಾಡಲು ಇನ್ನೂ ಹತ್ತು ವರ್ಷಕ್ಕೂ ಹೆಚ್ಚು ಇತ್ತು.

ಬೆಂಗಳೂರೂ ಆಗ ಒಂದೂರಲ್ಲ, ಎರಡು. ಒಂದು ಕಡೆ ಕೆಂಪೇಗೌಡರು ಕಟ್ಟಿಸಿದ ಪೇಟೆ. ಇನ್ನೊಂದು ಕಡೆ 1809ರಲ್ಲಿ ಶುರುವಾದ ದಂಡು. ಪೇಟೆಯಲ್ಲಿ ದೊಡ್ಡಪೇಟೆ, ಈಗಿನ ಅವೆನ್ಯೂ ರಸ್ತೆ, ಅದರ ಸುತ್ತ ನಗರ್ತಪೇಟೆ, ಚಿಕ್ಕಪೇಟೆ. ದಂಡಿನಲ್ಲಿ ಕಮರ್ಷಿಯಲ್ ಸ್ಟ್ರೀಟ್, ಜ್ಯುವೆಲರ್ಸ್ ಸ್ಟ್ರೀಟ್. ಚಿನ್ನದ ವ್ಯಾಪಾರ ಇವತ್ತಿಗೂ ಈ ಎರಡು ಗುಂಪಿನಲ್ಲೇ ಜಾಸ್ತಿ ಕಾಣುತ್ತದೆ. ಎರಡೂ ಊರು ಒಂದೇ ಕಾರ್ಪೊರೇಷನ್ ಕೆಳಗೆ ಬಂದದ್ದು 1949ರಲ್ಲಿ.

ಆ ದಿನಗಳಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟ ರೆಡಿಮೇಡ್ ಒಡವೆ ನೋಡಿ ಕೊಳ್ಳುವುದು ಕಡಿಮೆ. ಮನೆಯ ಚಿನ್ನ ತಗೊಂಡು ಹೋಗಬೇಕು, ಏನು ಬೇಕು ಹೇಳಬೇಕು. ಅಂಗಡಿಯವರು ಒರೆಗಲ್ಲಿಗೆ ಉಜ್ಜಿ, ಗೆರೆಯ ಬಣ್ಣ ನೋಡಿ ಮಟ್ಟ ಹೇಳುತ್ತಿದ್ದರು. ತೂಕಕ್ಕೆ ತೊಲ, ಅದಕ್ಕಿಂತ ಸಣ್ಣದಕ್ಕೆ ಗುಲಗಂಜಿ. ಆಮೇಲೆ ಚಿನ್ನ ಅಕ್ಕಸಾಲಿಗರ ಮನೆಗೆ ಹೋಗುತ್ತಿತ್ತು. ಮೂಸೆಯಲ್ಲಿ ಕರಗಿ, ಕಂಬಚ್ಚಿನಲ್ಲಿ ತಂತಿಯಾಗಿ, ಊದುಗೊಳವೆಯ ಉರಿಯಲ್ಲಿ ಬೆಸೆದುಕೊಂಡು ವಾಪಸ್ ಬರುತ್ತಿತ್ತು. ಈ ದಾರಿಯಲ್ಲಿ ಎಲ್ಲಿ ಬೇಕಾದರೂ ಚಿನ್ನ ಕಡಿಮೆಯಾಗಬಹುದು. ಗಿರಾಕಿಗೆ ಕಣ್ಣಲ್ಲಿ ನೋಡಿ ಹೇಳಲು ಬರುವುದಿಲ್ಲ. "ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ" ಅನ್ನೋ ಗಾದೆ ಹುಟ್ಟಿದ್ದು ಈ ಭಯದಿಂದಲೇ. ಆ ಗಾದೆ ನನಗೆ ಇಷ್ಟವಿಲ್ಲ. ದಿನವಿಡೀ ಬೆಂಕಿ ಮುಂದೆ ಕೂತು ಕಣ್ಣು ಹಾಳುಮಾಡಿಕೊಂಡ ಕೈಗಳ ಮೇಲೆ ಹೊರಿಸಿದ ಅನ್ಯಾಯ ಅದು. ಆದರೆ ಭಯ ಮಾತ್ರ ನಿಜವಾಗಿತ್ತು.

ಹೀಗಾಗಿ ಅಂಗಡಿ ಮಾರುತ್ತಿದ್ದದ್ದು ಚಿನ್ನಕ್ಕಿಂತ ಹೆಚ್ಚಾಗಿ ಮಾತನ್ನು. ಯಾರ ಮನೆಯ ಎಷ್ಟು ಚಿನ್ನ ಬಂತು, ಎಷ್ಟು ಸವಕಳಿ, ಎಷ್ಟು ಕೂಲಿ, ಯಾವ ಕೆಲಸಗಾರನಿಗೆ ಕೊಟ್ಟಿತು ಅಂತ ಲೆಕ್ಕದ ಪುಸ್ತಕದಲ್ಲಿ ಬರೆದಿಡಬೇಕು. ಅಪ್ಪ ಬರೆದದ್ದನ್ನು ಮಗ ಒಪ್ಪಿಕೊಳ್ಳಬೇಕು. ಕುಟುಂಬದ ಅಂಗಡಿಗೆ ಬೆಲೆ ಬಂದದ್ದು ಇಲ್ಲಿ. ಮಗ ಅದೇ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಾನೆ ಅಂತ ಗೊತ್ತಿದ್ದರೆ ಅಪ್ಪ ಇವತ್ತು ಎರಡು ಗುಲಗಂಜಿ ಕದಿಯಲು ಹಿಂದೆಮುಂದೆ ನೋಡುತ್ತಾನೆ, ಅಲ್ವಾ?

ಮಧ್ಯೆ ಎಷ್ಟೋ ಏಟು ಬಿದ್ದವು. 1898ರಲ್ಲಿ ಪ್ಲೇಗ್ ಬಂದು ಪೇಟೆ ಖಾಲಿಯಾಯಿತು. ಜನರಿಗಾಗಿ ಬಸವನಗುಡಿ, ಮಲ್ಲೇಶ್ವರ ಹುಟ್ಟಿಕೊಂಡವು. ಗಿರಾಕಿಗಳ ಮನೆ ದೂರವಾಯಿತು. 1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ ತನ್ನ ಹಣದ ಬೆಲೆಯನ್ನು ಚಿನ್ನಕ್ಕೆ ಕಟ್ಟಿಡುವ ಪದ್ಧತಿ ಕೈಬಿಟ್ಟ ಮೇಲೆ ಚಿನ್ನದ ಬೆಲೆ ಏರಿತು. ಬೆಳೆಗೆ ಬೆಲೆ ಇಲ್ಲದೆ ಸೋತಿದ್ದ ರೈತರು ದೇಶದುದ್ದಕ್ಕೂ ಹೆಂಡತಿಯ ಒಡವೆ ಮಾರಿದರು. ಕೋಟಿಗಟ್ಟಲೆ ರೂಪಾಯಿಯ ಚಿನ್ನ ಬೊಂಬಾಯಿಂದ ಹಡಗು ಹತ್ತಿತು.

ಆದರೆ ಹಳಬರನ್ನು ಕೇಳಿದರೆ ಎಲ್ಲರೂ ಹೇಳುವುದು ಒಂದೇ ಹೆಸರು: ಗೋಲ್ಡ್ ಕಂಟ್ರೋಲ್. ಚೀನಾ ಯುದ್ಧ ಮುಗಿದ ಬೆನ್ನಿಗೆ, 1963ರ ಜನವರಿಯಲ್ಲಿ, ಹಣಕಾಸು ಮಂತ್ರಿ ಮೊರಾರ್ಜಿ ದೇಸಾಯಿಯವರ ಕಾಲದಲ್ಲಿ ಇದು ಬಂತು. ದೇಶಕ್ಕೆ ವಿದೇಶಿ ವಿನಿಮಯದ ಕೊರತೆ, ಚಿನ್ನದ ಕಳ್ಳಸಾಗಣೆ ಜೋರು. ಜನರ ಚಿನ್ನದ ಆಸೆ ತಗ್ಗಿಸಬೇಕು ಅನ್ನುವುದು ಸರ್ಕಾರದ ಲೆಕ್ಕ. ಅದಕ್ಕೆ ಹೊಸದಾಗಿ ಮಾಡುವ ಒಡವೆ 14 ಕ್ಯಾರೆಟ್ ಮೀರುವಂತಿಲ್ಲ ಎಂದರು. ಸಾಮಾನ್ಯ ಜನ ಚಿನ್ನದ ಗಟ್ಟಿ ಇಟ್ಟುಕೊಳ್ಳುವುದಕ್ಕೂ ತಡೆ ಬಂತು.

14 ಕ್ಯಾರೆಟ್ ಅಂದರೆ ನೂರಕ್ಕೆ 58 ಪಾಲು ಚಿನ್ನ, ಉಳಿದದ್ದು ಬೇರೆ ಲೋಹ. ಬಣ್ಣ ಮಂಕು. ಗಡಸು ಜಾಸ್ತಿ. ಮೆತ್ತಗಿನ ಚಿನ್ನಕ್ಕೆ ಒಗ್ಗಿದ ಕೈಗೆ ಅದು ಬಗ್ಗುವುದಿಲ್ಲ. ಯಾವ ತಾಯಿ ಮಗಳಿಗೆ ಅಂಥ ತಾಳಿ ಮಾಡಿಸುತ್ತಾಳೆ ಹೇಳಿ? ದೇಶದ ತುಂಬ ಲಕ್ಷಾಂತರ ಅಕ್ಕಸಾಲಿಗರಿಗೆ ಕೆಲಸ ಹೋಯಿತು. ಬದುಕಲಾರದೆ ಪ್ರಾಣ ಕಳೆದುಕೊಂಡವರ ಸುದ್ದಿಯೂ ಬಂತು. ಆ ಪುಟವನ್ನು ಸುಮ್ನೆ ತಿರುಗಿಸಿ ಮುಂದೆ ಹೋಗುವುದು ನನಗೆ ಆಗುವುದಿಲ್ಲ. ಒಡವೆಯ ಇತಿಹಾಸ ಬರೆಯುವಾಗ ರಾಜರ ಹಾರ, ರಾಣಿಯರ ಡಾಬು ಎಲ್ಲಾ ಬರುತ್ತದೆ, ಇವರು ಮಾತ್ರ ಬರುವುದಿಲ್ಲ.

ಆಮೇಲೆ ಸ್ವಲ್ಪ ಸಡಿಲ ಮಾಡಿದರು. ಗಿರಾಕಿ ತಂದ ಹಳೇ ಒಡವೆಯನ್ನು ಅದರ ಮಟ್ಟದಲ್ಲೇ ಮತ್ತೆ ಮಾಡಿಕೊಡಬಹುದು ಎಂದರು. 1966ರಲ್ಲಿ 14 ಕ್ಯಾರೆಟ್ಟಿನ ಮಿತಿ ಹೋಯಿತು. 1968ರಲ್ಲಿ ಕಾಯ್ದೆಯೇ ಬಂತು. ಲೈಸೆನ್ಸು, ರಿಜಿಸ್ಟರು, ತಪಾಸಣೆ. ಈ ಕಾಯ್ದೆ ರದ್ದಾದದ್ದು 1990ರ ಜೂನ್‌ನಲ್ಲಿ. ಅಷ್ಟರಲ್ಲಿ 1963ರಿಂದ 27 ವರ್ಷ ಕಳೆದಿತ್ತು. ಒಂದು ತಲೆಮಾರು ಪೂರ್ತಿ ಈ ಕಟ್ಟಿನಲ್ಲೇ ವ್ಯಾಪಾರ ಮಾಡಿತು.

ನಮ್ಮಮ್ಮನ ಮದುವೆ ಆ ವರ್ಷಗಳಲ್ಲೇ ಆದದ್ದು. ಅಮ್ಮನ ಬಳೆ, ಓಲೆ, ಜುಮುಕಿ ಎಲ್ಲವೂ ಅಜ್ಜಿಯ ಹಳೇ ಒಡವೆ ಮುರಿಸಿ ಮಾಡಿದ್ದು. ಹೊಸ ಗಿರಾಕಿ ಬರದ ಕಾಲದಲ್ಲಿ ಹಳೇ ಗಿರಾಕಿಯ ಹಳೇ ಚಿನ್ನವೇ ಅಂಗಡಿಯ ಒಲೆ ಉರಿಸಿತು. ಅವಲಕ್ಕಿ ಸರ ಮಾತ್ರ ಅಜ್ಜಿ ಮುರಿಸಲಿಲ್ಲ. ಯಾರ ಹತ್ತಿರ ಮೂರು ತಲೆಮಾರಿನ ಮನೆಗಳ ಪರಿಚಯ ಇತ್ತೋ, ಆ ಅಂಗಡಿಗೆ ಮುರಿಸುವ ಚಿನ್ನ ಬಂತು. ಹೊಸಬರಿಗೆ ಬರಲಿಲ್ಲ. ನಿಮ್ಮ ಪ್ರಶ್ನೆಯ ಮೊದಲ ಅರ್ಧಕ್ಕೆ ನನ್ನ ಉತ್ತರ ಇದೇ.

ಇನ್ನೊಂದು ಗಂಡಾಂತರ ಮನೆಯೊಳಗಿನದು. ಅಣ್ಣತಮ್ಮಂದಿರು ಭಾಗ ಆದಾಗ ಹೆಸರು ಯಾರಿಗೆ? ಅಂಗಡಿ, ಸರಕು ಹಂಚಬಹುದು, ಹೆಸರು ಹಂಚುವುದು ಕಷ್ಟ. ಅದಕ್ಕೇ ಪೇಟೆಯಲ್ಲಿ ಒಂದೇ ಮನೆತನದ ಹೆಸರಿನ ಬೋರ್ಡುಗಳು ಅಕ್ಕಪಕ್ಕದಲ್ಲೇ ಕಾಣುತ್ತವೆ, ಒಂದಕ್ಕೆ 'ಅಂಡ್ ಸನ್ಸ್', ಇನ್ನೊಂದಕ್ಕೆ 'ಅಂಡ್ ಕೋ'. ಕರ್ನಾಟಕದಲ್ಲಿ ಒಟ್ಟು ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹಕ್ಕು ಕೊಟ್ಟ ತಿದ್ದುಪಡಿ 1994ರಲ್ಲೇ ಬಂತು, ದೇಶಕ್ಕೆಲ್ಲ ಬಂದದ್ದು 2005ರಲ್ಲಿ. ಬೋರ್ಡಿನ ಮೇಲೆ 'ಸನ್ಸ್' ಹಾಗೇ ಉಳಿದಿದೆ. ಒಡವೆ ಹಾಕಿಕೊಳ್ಳುವವರು ಹೆಣ್ಣುಮಕ್ಕಳು, ಅವರ ಹೆಸರೂ ಅಲ್ಲಿ ಬರಬೇಕು ಅಂತ ನನಗೆ ಮನಸಾರೆ ಅನಿಸುತ್ತದೆ.

ಕೆಲಸದ ಕೈಗಳೂ ಬದಲಾದವು. ಮೊದಲು ಇಲ್ಲಿನ ವಿಶ್ವಕರ್ಮ ಮನೆಗಳೇ ಹೆಚ್ಚು. ಈಗ ನಗರ್ತಪೇಟೆಯ ಗಲ್ಲಿಗಳಲ್ಲಿ ಮಹಡಿ ಹತ್ತಿದರೆ ಬಂಗಾಳದಿಂದ ಬಂದ ಕೆಲಸಗಾರರು ತುಂಬ ಜನ ಸಿಗುತ್ತಾರೆ. ಬೆಸುಗೆಯೂ ಬದಲಾಯಿತು. ಕ್ಯಾಡ್ಮಿಯಂ ಹಾಕಿ ಬೆಸೆಯುವ ಕೆಡಿಎಂ ಬಂತು. ಕ್ಯಾಡ್ಮಿಯಂ 321 ಡಿಗ್ರಿಗೇ ಕರಗುತ್ತದೆ, ಬೆರಕೆ ಸ್ವಲ್ಪವೇ ಸಾಕು, ಚಿನ್ನದ ಮಟ್ಟ ಇಳಿಯುವುದಿಲ್ಲ. ನಮಗೆ ಒಳ್ಳೆಯದೇ ಆಯಿತು. ಆದರೆ ಅದರ ಹೊಗೆ ಕೆಲಸಗಾರರ ಶ್ವಾಸಕೋಶಕ್ಕೂ ಮೂತ್ರಪಿಂಡಕ್ಕೂ ವಿಷ. ಹಾಗಾಗಿ ಈಗ ಅದಕ್ಕೆ ಅನುಮತಿ ಇಲ್ಲ. ಯಾರಾದರೂ "ಇದು ಕೆಡಿಎಂ ಚಿನ್ನ" ಎಂದು ಹೊಗಳಿ ಮಾರಲು ಬಂದರೆ ಎದ್ದು ಬನ್ನಿ.

ಈಗ ನಿಮ್ಮ ಮಗಳ ಮಾತು. ಚಿನ್ನದ ಒಡವೆಗೆ ಬಿಐಎಸ್, ಅಂದರೆ ಸರಕಿನ ಗುಣಮಟ್ಟ ಗೊತ್ತುಮಾಡುವ ಕೇಂದ್ರ ಸರ್ಕಾರದ ಸಂಸ್ಥೆಯ, ಹಾಲ್‌ಮಾರ್ಕ್ 2000ದಲ್ಲಿ ಶುರುವಾಯಿತು. ಆಗ ಬೇಕಾದವರು ಹಾಕಿಸುತ್ತಿದ್ದರು. 2021ರ ಜೂನ್ 16ರಿಂದ ಹಂತ ಹಂತವಾಗಿ ಜಿಲ್ಲೆಗಳಲ್ಲಿ ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆ ಮಾರಬೇಕಾದರೆ ಅದರ ಮೇಲೆ ಆ ಒಡವೆಗೆ ಮಾತ್ರ ಕೊಟ್ಟ, ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಎಚ್‌ಯುಐಡಿ ಇರಲೇಬೇಕು. ಮೂರು ಗುರುತು ನೋಡಿಕೊಳ್ಳಿ: ಬಿಐಎಸ್ ಚಿಹ್ನೆ, 22ಕೆ916 ಅನ್ನೋ ಮಟ್ಟ, ಮತ್ತು ಈ ಎಚ್‌ಯುಐಡಿ. 916 ಅಂದರೆ ಸಾವಿರಕ್ಕೆ 916 ಪಾಲು ಚಿನ್ನ. ಅಂಗಡಿಯಲ್ಲಿ ಕೂತಲ್ಲೇ ಬಿಐಎಸ್ ಕೇರ್ ಆಪ್‌ನಲ್ಲಿ ಆ ನಂಬರ್ ಹಾಕಿ ನೋಡಬಹುದು. ಎರಡು ಗ್ರಾಂಗಿಂತ ಕಡಿಮೆ ತೂಕದ್ದಕ್ಕೆ ಮತ್ತು ಕುಂದನ್, ಪೋಲ್ಕಿ ಒಡವೆಗೆ ಈ ಕಡ್ಡಾಯ ಇಲ್ಲ. ಗುರುತಿನಲ್ಲಿ ಹೇಳಿದ್ದಕ್ಕಿಂತ ಮಟ್ಟ ಕಡಿಮೆ ಬಂದರೆ, ಕೊರತೆಯ ಎರಡರಷ್ಟು ಹಣ ಮತ್ತು ಪರೀಕ್ಷೆಯ ಖರ್ಚು ಪಡೆಯಲು ನಿಯಮ ಇದೆ. ಇದು ದೊಡ್ಡ ಬದಲಾವಣೆ. ನಮ್ಮಜ್ಜಿಗೆ ಈ ಧೈರ್ಯ ಇರಲಿಲ್ಲ. ಅವರ ಕೈಯಲ್ಲಿದ್ದದ್ದು ಅಂಗಡಿಯವರ ಮುಖ ಒಂದೇ.

ಆದರೆ ಹಾಲ್‌ಮಾರ್ಕ್ ಹೇಳುವುದು ಶುದ್ಧತೆ ಮಾತ್ರ. ಮೇಕಿಂಗ್ ಚಾರ್ಜ್ ಎಷ್ಟು, ವೇಸ್ಟೇಜ್ ಎಷ್ಟು, ಕಲ್ಲಿನ ತೂಕ ಕಳೆದರಾ, ವಂಕಿಯೊಳಗಿನ ಅರಗಿನ ತೂಕ ಕಳೆದರಾ ಅಂತ ಆ ಆರು ಅಕ್ಷರ ಹೇಳುವುದಿಲ್ಲ. ಕೆಲಸ ಸೊಗಸಾಗಿದೆಯಾ, ಕೊಂಡಿ ಹತ್ತು ವರ್ಷ ತಾಳುತ್ತದಾ ಅಂತಲೂ ಹೇಳುವುದಿಲ್ಲ. ಅಲ್ಲಿಗೆ ಬಂದಾಗ ಅಂಗಡಿ ಯಾರದ್ದು ಅನ್ನೋದು ಮತ್ತೆ ಮುಖ್ಯವಾಗುತ್ತದೆ. ಅದು ಹಳೇ ಅಂಗಡಿಯೇ ಆಗಬೇಕೆಂದೇನಿಲ್ಲ. ಹತ್ತು ವರ್ಷದ ಅಂಗಡಿಯಲ್ಲೂ ಮಾತಿಗೆ ನಿಲ್ಲುವ ಜನ ಇದ್ದಾರೆ. 100 ವರ್ಷದ ಬೋರ್ಡಿನ ಕೆಳಗೂ ಒರಟಾಗಿ ಮಾತಾಡುವವರು ಇರಬಹುದು.

ಹಾಗಾಗಿ ಹೀಗೆ ಮಾಡಿ. ಮೊದಲು ಬೆಳಗಿನ ಪೇಪರಿನಲ್ಲಿ ಚಿನಿವಾರ ಪೇಟೆಯ ದರ ನೋಡಿಕೊಳ್ಳಿ. ಹಳೇ ಅಂಗಡಿ ಒಂದು, ಹೊಸದು ಒಂದು, ಎರಡಕ್ಕೂ ಹೋಗಿ. ನಿಮ್ಮತ್ತೆಯವರನ್ನೂ ಮಗಳನ್ನೂ ಜೊತೆಗೇ ಕರೆದುಕೊಂಡು ಹೋಗಿ. ಒಂದೇ ತೂಕದ ಒಡವೆಗೆ ಚಿನ್ನದ ಬೆಲೆ, ಮೇಕಿಂಗ್, ಕಲ್ಲು, ಜಿಎಸ್‌ಟಿ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಮಗಳು ಎಚ್‌ಯುಐಡಿ ನೋಡಲಿ. ಅತ್ತೆಯವರು ಒಂದೇ ಒಂದು ಪ್ರಶ್ನೆ ಕೇಳಲಿ: "ಇನ್ನು ಮೂವತ್ತು ವರ್ಷ ಬಿಟ್ಟು ಇವಳ ಮಗಳು ಇದನ್ನು ತಂದರೆ ಹೇಗೆ ತಗೋತೀರಿ?" ಅದಕ್ಕೆ ಬರುವ ಉತ್ತರವನ್ನು ಬಿಲ್ಲಿನ ಹಿಂದೆ ಬರೆದು ಸಹಿ ಹಾಕಿಕೊಡುವವರ ಹತ್ತಿರ ಮಾಡಿಸಿ. ನಮ್ಮಜ್ಜಿಯ ಬಿಲ್ಲು ಈಗಲೂ ಅಮ್ಮನ ಬೀರುವಿನಲ್ಲಿ, ಹೊಸ ಕೊಂಡಿ ಹಾಕಿಸಿದ ಅವಲಕ್ಕಿ ಸರದ ಪೆಟ್ಟಿಗೆಯಲ್ಲೇ ಇದೆ.