ಮೂರು ಬಾಲದ ರಾಣಿ, ದಾಬೋಳಿಯ ಉಪ್ಪುಗಾಳಿ

ವಾಸ್ಕೊದಿಂದ ಬೊಗ್ಮಾಲೊ ಬೀಚಿಗೆ ಹೋಗುವ ರಸ್ತೆಯಲ್ಲಿ, ದಾಬೋಳಿ ವಿಮಾನ ನಿಲ್ದಾಣದ ಪಕ್ಕದಲ್ಲೇ, ನೌಕಾಪಡೆಯ ವಿಮಾನ ಸಂಗ್ರಹಾಲಯವಿದೆ. ಸೀ ಹಾಕ್, ಅಲೀಜ್, ಸೀ ಹ್ಯಾರಿಯರ್‌ಗಳ ನಡುವೆ ಮೀನಿನ ಬೆನ್ನಿನಂತೆ ಬಾಗಿದ ಮೈಯ, ಮೂರು ಬಾಲದ ಭಾರೀ ವಿಮಾನವೊಂದು ಬಯಲಲ್ಲಿ ನಿಂತಿದೆ. ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಗೋವಾ ನೋಡಲು ಬಂದವರಿಗೆ ಗೊಂದಲವಾಗುವುದು ಸಹಜ. ಸಾಹುಕಾರರನ್ನು ಲಂಡನ್ನಿಗೆ ಒಯ್ಯುತ್ತಿದ್ದ ಲಾಕ್‌ಹೀಡ್ ಸೂಪರ್ ಕಾನ್‌ಸ್ಟಲೇಶನ್‌ಗೆ ಯುದ್ಧವಿಮಾನಗಳ ಪಂಕ್ತಿಯಲ್ಲೇನು ಕೆಲಸ?

ಕಥೆ ಶುರುವಾಗುವುದು ಮುಂಬಯಿಯಲ್ಲಿ. 1948ರ ಜೂನ್ 8ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ ‘ಮಲಬಾರ್ ಪ್ರಿನ್ಸೆಸ್’ ಕೈರೊ, ಜಿನೀವಾ ಮಾರ್ಗವಾಗಿ ಲಂಡನ್ನಿಗೆ ಹಾರಿತು. ಅದು ಇದೇ ವಂಶದ ಗಿಡ್ಡ ಮಾದರಿ. ಮೈ ಉದ್ದ ಮಾಡಿದ ‘ಸೂಪರ್’ ಮಾದರಿ ಬಂದದ್ದು 1954ರಲ್ಲಿ. ಅವುಗಳಿಗೆ ಕಂಪನಿ ರಾಣಿಯರ ಹೆಸರಿಟ್ಟಿತು. ದಾಬೋಳಿಯಲ್ಲಿರುವುದು ‘ರಾಣಿ ಆಫ್ ಎಲ್ಲೋರಾ’. ಮೂರು ಬಾಲ ಅಲಂಕಾರಕ್ಕೆ ಇಟ್ಟದ್ದಲ್ಲ. ಅಷ್ಟೇ ವಿಸ್ತಾರದ ಒಂದೇ ಬಾಲ ಇಟ್ಟಿದ್ದರೆ ಅಂದಿನ ಹ್ಯಾಂಗರ್‌ಗಳ ಬಾಗಿಲಲ್ಲಿ ತೂರುತ್ತಿರಲಿಲ್ಲ. ಮುಂಗಾಲು ಕೊಕ್ಕರೆಯಂತೆ ಉದ್ದವಿರುವುದಕ್ಕೂ ಕಾರಣವಿದೆ: ನಾಲ್ಕೂವರೆ ಮೀಟರಿಗೂ ಅಗಲವಾದ ಪ್ರೊಪೆಲ್ಲರ್ ನೆಲಕ್ಕೆ ತಾಗಬಾರದು.

ಈ ವಿಮಾನದ ಹೆಮ್ಮೆಯೂ ತಲೆನೋವೂ ಅದರ ಎಂಜಿನ್. ರೈಟ್ ಕಂಪನಿಯ ಆರ್-3350ರಲ್ಲಿ 18 ಸಿಲಿಂಡರ್, ಒಂಬತ್ತೊಂಬತ್ತರ ಎರಡು ಸುತ್ತು. ಸಿಲಿಂಡರಿಗೆ ಎರಡರಂತೆ ಸ್ಪಾರ್ಕ್ ಪ್ಲಗ್, ನಾಲ್ಕು ಎಂಜಿನ್ನಿಗೆ ಒಟ್ಟು 144. ಪೋಲಾಗುವ ಹೊಗೆಯ ಬಿಸಿಯನ್ನೂ ದುಡಿಸಿಕೊಳ್ಳಲು ಪ್ರತಿ ಎಂಜಿನ್ನಿಗೆ ಮೂರು ಟರ್ಬೈನ್ ಜೋಡಿಸಿದ್ದರು. ಆರಾರು ಸಿಲಿಂಡರಿನ ಹೊಗೆ ಒಂದೊಂದು ಟರ್ಬೈನನ್ನು ತಿರುಗಿಸುತ್ತದೆ. ಆ ಬಲ ಗೇರು ಮತ್ತು ಎಣ್ಣೆ ತುಂಬಿದ ಕಪ್ಲಿಂಗ್ ಮೂಲಕ ಮತ್ತೆ ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿಗೇ ಸೇರುತ್ತದೆ. ಹೀಗೆ ಎಂಜಿನ್ನಿಗೆ ಸುಮಾರು 450 ಅಶ್ವಶಕ್ತಿ ಹೆಚ್ಚುವರಿ ಇಂಧನವಿಲ್ಲದೆ ದಕ್ಕಿ, ಒಟ್ಟು ಶಕ್ತಿ 3,250 ದಾಟುತ್ತಿತ್ತು.

ಆದರೆ ಕೆಂಡದಂಥ ಹೊಗೆಯಲ್ಲೇ ಸದಾ ಸುತ್ತುವ ಟರ್ಬೈನಿನ ಅಲಗು ಬಿರುಕು ಬಿಟ್ಟರೆ, ತುಂಡಾದದ್ದು ಪಕ್ಕದ ಪೈಪುಗಳನ್ನು ಸೀಳಿ ಬೆಂಕಿಗೆ ದಾರಿ ಮಾಡುತ್ತಿತ್ತು. ಎಕ್ಸಾಸ್ಟ್ ವಾಲ್ವ್‌ಗಳು ಸುಟ್ಟುಹೋಗುತ್ತಿದ್ದವು. ಇಂಧನದಲ್ಲಿನ ಸೀಸ ಪ್ಲಗ್ಗುಗಳ ಮೇಲೆ ಗಟ್ಟಿ ಕೂರುತ್ತಿತ್ತು. ಒಂದು ಎಂಜಿನ್ ಆರಿಸಿ ಮೂರರಲ್ಲಿ ಇಳಿಯುವುದು ಎಷ್ಟು ಮಾಮೂಲಾಗಿತ್ತೆಂದರೆ, ‘ಜಗತ್ತಿನ ಅತ್ಯುತ್ತಮ ಮೂರೆಂಜಿನ್ ವಿಮಾನ’ ಎಂಬ ಕುಹಕ ಇದಕ್ಕೆ ಅಂಟಿಕೊಂಡಿತು.

ಸ್ಟಾರ್ಟ್ ಮಾಡುವುದೂ ನಾಜೂಕಿನ ಕೆಲಸ. ನಿಂತ ಎಂಜಿನ್ನಿನಲ್ಲಿ ಎಣ್ಣೆ ಇಳಿದು ಕೆಳಗಿನ ಸಿಲಿಂಡರುಗಳಲ್ಲಿ ತುಂಬಿಕೊಳ್ಳುತ್ತದೆ. ಎಣ್ಣೆಯನ್ನು ಗಾಳಿಯಂತೆ ಅದುಮಲಾಗದು. ಹಾಗೇ ಕಿಡಿ ಕೊಟ್ಟರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆದ್ದರಿಂದ ಮೊದಲು ಕಿಡಿ ಹುಟ್ಟಿಸುವ ಮ್ಯಾಗ್ನೆಟೊ ಆಫ್ ಇಟ್ಟು, ಅಲಗುಗಳನ್ನು ಎಣಿಸುತ್ತ ಪ್ರೊಪೆಲ್ಲರ್ ತಿರುಗಿಸಬೇಕು. ತಡೆದು ನಿಂತರೆ ಕೆಳಗಿನ ಪ್ಲಗ್ ಬಿಚ್ಚಿ ಎಣ್ಣೆ ಸೋರಲು ಬಿಡಬೇಕು. ಹಿಂದಕ್ಕೆ ತಿರುಗಿಸಿದರಂತೂ ಎಣ್ಣೆ ಇನ್‌ಟೇಕ್ ಪೈಪಿಗೆ ಹೋಗಿ ಕೂತು, ಎಂಜಿನ್ ಹತ್ತಿದ ಮೇಲೆ ಸಿಲಿಂಡರಿಗೆ ನುಗ್ಗಿ ಅದೇ ಅನಾಹುತ ಮಾಡುತ್ತದೆ.

ಇಂಥ ಉಪದ್ವ್ಯಾಪವಿಲ್ಲದ ಬೋಯಿಂಗ್ 707 ಏರ್ ಇಂಡಿಯಾಕ್ಕೆ 1960ರಲ್ಲಿ ಬಂತು. 1962ರ ಹೊತ್ತಿಗೆ ಕಂಪನಿ ಪೂರ್ತಿ ಜೆಟ್‌ಮಯ. ಮೂಲೆ ಸೇರಿದ ರಾಣಿಯರು ವಾಯುಪಡೆಗೆ, ಪುಣೆಯ 6ನೇ ಸ್ಕ್ವಾಡ್ರನ್‌ಗೆ ಹೋದರು. ಆ ಸ್ಕ್ವಾಡ್ರನ್‌ಗೆ ಹಳೇ ಮಾಲು ಹೊಸದಲ್ಲ. ಅದು ಸಮುದ್ರ ಕಾಯುತ್ತಿದ್ದದ್ದು ಲಿಬರೇಟರ್ ಬಾಂಬರ್‌ಗಳಲ್ಲಿ. ಎರಡನೇ ಮಹಾಯುದ್ಧಾನಂತರ ಬ್ರಿಟಿಷರು ಕಾನ್ಪುರದಲ್ಲಿ ಬೇಕೆಂದೇ ಜಖಂ ಮಾಡಿ ಬಿಟ್ಟುಹೋಗಿದ್ದವನ್ನು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ರಿಪೇರಿ ಮಾಡಿ ಹಾರಿಸಿತ್ತು. 1968ರ ಕೊನೆಗೆ ಲಿಬರೇಟರ್‌ಗಳು ನಿವೃತ್ತಿಯಾದವು. ರೇಡಾರ್ ಕೂರಿಸಿಕೊಂಡ ಕಾನ್‌ಸ್ಟಲೇಶನ್‌ಗಳು ಅದೇ ಕೆಲಸಕ್ಕೆ ಇಳಿದವು. ತಾಸುಗಟ್ಟಲೆ ನೀರಿನ ಮೇಲೆ ಹಾರಬಲ್ಲ ವಿಮಾನಕ್ಕೆ ಆ ಕೆಲಸ ಒಗ್ಗಿತು ಕೂಡ. 1976ರಲ್ಲಿ ಕಡಲ ಕಾವಲಿನ ಹೊಣೆ ನೌಕಾಪಡೆಗೆ ಬಂದಾಗ ವಿಮಾನಗಳೂ ಜೊತೆಗೇ ಬಂದವು, 312ನೇ ಸ್ಕ್ವಾಡ್ರನ್ ಆಗಿ. ಎಂಬತ್ತರ ದಶಕದ ಮೊದಲರ್ಧದಲ್ಲಿ ಹಾರಾಟ ನಿಂತಿತು. ನಮ್ಮ ಕಡಲ ಕಾವಲು ಇಷ್ಟು ವರ್ಷ ನಡೆದದ್ದು ಪರರು ಬಿಟ್ಟ ವಿಮಾನಗಳಲ್ಲಿ ಎಂಬುದನ್ನು ನಾವು ಸಾಕಷ್ಟು ಹೇಳಿಕೊಂಡಿಲ್ಲ.

ದಾಬೋಳಿಗೆ ಈ ವಂಶದ ನಂಟು ಇನ್ನೂ ಹಳೆಯದು. ಗೋವಾ ವಿಮೋಚನೆಯ ಕಾರ್ಯಾಚರಣೆಯಲ್ಲಿ, 1961ರ ಡಿಸೆಂಬರ್ 18ರಂದು, ಪುಣೆಯಿಂದ ಬಂದ ನಮ್ಮ ವಾಯುಪಡೆಯ 12 ಕ್ಯಾನ್‌ಬೆರಾ ಬಾಂಬರ್‌ಗಳು ಇಲ್ಲಿನ ರನ್‌ವೇ ಮೇಲೆ 63,000 ಪೌಂಡ್ ಬಾಂಬು ಸುರಿದವು. ಅಲ್ಲೇ ನಿಂತಿದ್ದ ಪೋರ್ಚುಗೀಸರ ಒಂದು ಕಾನ್‌ಸ್ಟಲೇಶನ್ ಮತ್ತು ಒಂದು ಡಿಸಿ-4 ವಿಮಾನಕ್ಕೆ ಪೆಟ್ಟಾಗಲಿಲ್ಲ. ಗುಂಡಿಗಳ ನಡುವೆ ತರಾತುರಿಯಲ್ಲಿ ಸರಿಪಡಿಸಿದ ತುಂಡು ರನ್‌ವೇಯಿಂದ ಅವೆರಡೂ ಆ ರಾತ್ರಿಯೇ ಕರಾಚಿಗೆ ಪಾರಾದವು.

ಈಗಿನ ಶತ್ರು ಉಪ್ಪುಗಾಳಿ. ವಿಮಾನದ ತಗಡು ಶುದ್ಧ ಅಲ್ಯುಮಿನಿಯಂ ಅಲ್ಲ, ಶೇ 4ರಷ್ಟು ತಾಮ್ರ ಬೆರೆತ ಮಿಶ್ರಲೋಹ. ಗಟ್ಟಿ, ಆದರೆ ಉಪ್ಪುನೀರು ತಗುಲಿದರೆ ಒಳಗಿನ ತಾಮ್ರವೇ ಅಲ್ಯುಮಿನಿಯಮ್ಮನ್ನು ತಿನ್ನಿಸುತ್ತದೆ. ಅದಕ್ಕೇ ತಾಮ್ರದ ಹಂಡೆಗೆ ಕಲಾಯಿ ಹಾಕಿದಂತೆ ತಗಡಿನ ಎರಡೂ ಮೈಗೆ ಶುದ್ಧ ಅಲ್ಯುಮಿನಿಯಂ ಪದರ ಹೊದಿಸಿರುತ್ತಾರೆ. ಪಳಪಳ ಹೊಳೆಯಲೆಂದು ಪಾಲಿಶ್ ಹಾಕಿ ತಿಕ್ಕಿದಷ್ಟೂ ಆ ಕಲಾಯಿ ಸವೆಯುತ್ತದೆ.

ಕಿಲುಬು ಮೊದಲು ಹಿಡಿಯುವುದು ತಗಡಿನ ಮೇಲೆ ತಗಡು ಕೂತ ಸಂದಿನಲ್ಲಿ. ಬಿಳಿ ಪುಡಿ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ತಗಡು ದಿಂಬಿನಂತೆ ಉಬ್ಬಿ, ರಿವೆಟ್ ತಲೆಗಳು ಹಾರುತ್ತವೆ. ಹಾರುವ ವಿಮಾನವನ್ನು ಸಮುದ್ರದಿಂದ ಮರಳಿದ ಮೇಲೆ ಸಿಹಿನೀರಲ್ಲಿ ತೊಳೆಯುತ್ತಾರೆ, ತಪಾಸಣೆ ಮಾಡುತ್ತಾರೆ. ನಿಂತದ್ದಕ್ಕೆ ಆ ಉಪಚಾರ ತಪ್ಪುತ್ತದೆ. ಹಾರಾಟಕ್ಕಿಂತ ನಿಲುಗಡೆಯೇ ಇವುಗಳಿಗೆ ಹೆಚ್ಚು ಕೇಡು.

ಮಾಡಬೇಕಾದ್ದು ಗೊತ್ತಿರುವ ಕೆಲಸವೇ. ಜೂನ್‌ಗೆ ಮೊದಲು ಹೊಟ್ಟೆಯಡಿಯ ನೀರು ಬಸಿಯುವ ತೂತುಗಳಿಂದ ಹಕ್ಕಿಗೂಡು, ಎಲೆ, ಮಣ್ಣು ತೆಗೆಯಬೇಕು. ಗೋವಾದ ಮಳೆ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು. ತೊಳೆಯಲು ಸೌಮ್ಯ ಸೋಪು, ಸಿಹಿನೀರು ಸಾಕು. ಪ್ರೆಶರ್ ಪೈಪನ್ನು ಸಂದಿಗೆ ಹಿಡಿದರೆ ಉಪ್ಪು ಇನ್ನಷ್ಟು ಒಳಗಿಳಿಯುತ್ತದೆ. ಟೈರು ತೂಕ ಹೊತ್ತು ಒಡೆಯದಂತೆ ಭಾರವನ್ನು ಜಾಕ್ ಸ್ಟ್ಯಾಂಡ್ ಮೇಲೆ ಹೊರಿಸಬೇಕು. ಸಿಲಿಂಡರುಗಳಿಗೆ ಎಣ್ಣೆ ಸಿಂಪಡಿಸಿ, ಪ್ಲಗ್ ಜಾಗದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಡಬ್ಬಿ ಕೂರಿಸಬೇಕು. ನೀಲಿ ಹರಳು ಗುಲಾಬಿಯಾದರೆ ಬದಲಿಸುವ ಹೊತ್ತಾಯಿತೆಂದೇ ಅರ್ಥ. ಹಳೇ ಮೀಟರುಗಳ ಗಾಜು ಮಾತ್ರ ಬಿಚ್ಚಕೂಡದು: ಕತ್ತಲಲ್ಲಿ ಹೊಳೆಯಲೆಂದು ಆ ಕಾಲದಲ್ಲಿ ಮುಳ್ಳುಗಳಿಗೆ ಹಚ್ಚುತ್ತಿದ್ದ ಬಣ್ಣದಲ್ಲಿ ರೇಡಿಯಂ ಇರುತ್ತಿತ್ತು.

ಸೀ ಹಾಕ್, ಅಲೀಜ್ ಎದುರು ನಿಂತಾಗ ರೆಕ್ಕೆ ಮಡಚುವ ಕೀಲನ್ನು ನೋಡಿ. ಉಕ್ಕಿನ ಪಿನ್ನು ಅಲ್ಯುಮಿನಿಯಂ ತೋಳಿನೊಳಗೆ ಕೂತ ಜಾಗವದು. ಎರಡು ಲೋಹ ಒಂದಕ್ಕೊಂದು ತಾಗುವ ಅಲ್ಲಿ ಬಣ್ಣ ಗುಳ್ಳೆಯೆದ್ದಿದ್ದರೆ, ಒಳಗೆ ಕಿಲುಬು ಕೆಲಸ ಶುರುಮಾಡಿ ಬಹಳ ದಿನವಾಗಿರುತ್ತದೆ.