ಚುಕ್ಕಿಗಳ ನಡುವೆ ಎಳೆ ಎಳೆಯುವವರು ಯಾರು?

ನನ್ನ ಹೈ-ರೆಸ್ ಮ್ಯೂಸಿಕ್ ಪ್ಲೇಯರಿನ ಮೆನುವಿನಲ್ಲಿ 'ಡಿಜಿಟಲ್ ಫಿಲ್ಟರ್' ಅಂತ ಒಂದು ಸಾಲಿದೆ. ಒತ್ತಿದರೆ ಶಾರ್ಪ್, ಸ್ಲೋ, ಮಿನಿಮಮ್ ಫೇಸ್ ಅಂತ ಹೆಸರುಗಳು ಬರುತ್ತವೆ. ಕೊಂಡ ಹೊಸದರಲ್ಲಿ ಒಂದು ರಾತ್ರಿ ಇವನ್ನೇ ಬದಲಾಯಿಸುತ್ತಾ ಕೂತಿದ್ದೆ. ಸ್ಲೋನಲ್ಲಿ ತಂಬೂರಿ ಎಷ್ಟು ಹಿತವಾಗಿದೆ ಅಂತ ಮನೆಯವರಿಗೂ ಹೇಳಿದೆ. ಬೆಳಿಗ್ಗೆ ನೋಡಿದರೆ ಫಿಲ್ಟರ್ ಬದಲಾಗಿಯೇ ಇರಲಿಲ್ಲ. ಸೇವ್ ಒತ್ತುವುದನ್ನೇ ಮರೆತಿದ್ದೆ!

ಅಷ್ಟಕ್ಕೂ ಈ ಫಿಲ್ಟರ್ ಮಾಡುವುದೇನು? ಸಿಡಿಯಲ್ಲಿ ಹಾಡು ಅಲೆಯಾಗಿ ಇರುವುದಿಲ್ಲ, ಸೆಕೆಂಡಿಗೆ 44,100 ಚುಕ್ಕಿಗಳಾಗಿ ಇರುತ್ತದೆ. 20,000 ಹರ್ಟ್ಸ್‌ನ (ಸೆಕೆಂಡಿಗೆ 20,000 ಅಲೆಗಳ) ಕೀರಲು ಸ್ವರವನ್ನು ತೆಗೆದುಕೊಳ್ಳಿ. ಅದರ ಒಂದೊಂದು ಅಲೆಗೆ ಸಿಗುವುದು ಎರಡು ಚುಕ್ಕಿ, ಮೇಲೆ ಚೂರುಪಾರು. ಅಷ್ಟರಲ್ಲಿ ಅಲೆ ಹೇಗೆ ಮೂಡುತ್ತೆ? ಚುಕ್ಕಿ ರಂಗೋಲಿಯಲ್ಲಾದರೆ ಎಳೆಯನ್ನು ಹೇಗೆ ಬೇಕಾದರೂ ಸುತ್ತಬಹುದು. ಇಲ್ಲಿ ಹಾಗಲ್ಲ. 22,050 ಹರ್ಟ್ಸ್‌ಗಿಂತ ಮೇಲಿನದು ಯಾವುದೂ ಇಲ್ಲ ಅಂತ ಗೊತ್ತಿದ್ದರೆ, ಆ ಚುಕ್ಕಿಗಳ ಮೇಲೆ ಹಾಯುವ ಎಳೆ ಒಂದೇ ಒಂದು. ಅದನ್ನು ಎಳೆಯುವುದೇ ಫಿಲ್ಟರಿನ ಕೆಲಸ.

ಫಿಲ್ಟರ್ ಇಲ್ಲದಿದ್ದರೆ 20,000ದ ಜೊತೆ ಅದರ ನೆರಳೊಂದು 24,100ರಲ್ಲಿ ಹುಟ್ಟುತ್ತದೆ. ಅದು ಕಿವಿಗೆ ಕೇಳದು, ನಿಜ. ಆದರೆ ಆಂಪ್ಲಿಫೈಯರ್ ಸ್ವಲ್ಪ ತಪ್ಪಿದರೂ ಇವೆರಡೂ ಬೆರೆತು 4,100 ಹರ್ಟ್ಸ್‌ನ ಸದ್ದು ಬರಬಹುದು. ಅದು ಚೆನ್ನಾಗಿಯೇ ಕೇಳುತ್ತದೆ. ಹಾಗಾಗಿ 20,000ದವರೆಗೆ ಏನನ್ನೂ ಮುಟ್ಟಬಾರದು, 24,100ಕ್ಕೆ ಬರುವಷ್ಟರಲ್ಲಿ ಎಲ್ಲವನ್ನೂ ಅಳಿಸಿರಬೇಕು. ಬಲು ಇಕ್ಕಟ್ಟಿನ ಜಾಗ. 1982ರಲ್ಲಿ ಸೋನಿ ತನ್ನ ಮೊದಲ ಸಿಡಿ ಪ್ಲೇಯರಿನಲ್ಲಿ ಇದನ್ನು ಕಡಿದಾದ ಅನಲಾಗ್ ಫಿಲ್ಟರಿನಿಂದ, ಅಂದರೆ ಲೆಕ್ಕವಿಲ್ಲದೆ ಬರೀ ಸರ್ಕ್ಯೂಟಿನಿಂದಲೇ ಮಾಡಿತು. ಫಿಲಿಪ್ಸ್‌ನವರದು ಜಾಣತನ. ಮೊದಲು ಲೆಕ್ಕ ಹಾಕಿ ಚುಕ್ಕಿಗಳನ್ನು ನಾಲ್ಕು ಪಟ್ಟು ಮಾಡಿ, ಸೆಕೆಂಡಿಗೆ 1,76,400ಕ್ಕೆ ಏರಿಸಿದರು. ಉಳಿದ ನೆರಳುಗಳು ದೂರ ಓಡಿದವು, ಸರಳ ಅನಲಾಗ್ ಫಿಲ್ಟರ್ ಸಾಕಾಯಿತು. ಇವತ್ತಿನ ಚಿಪ್‌ಗಳು ಹಿಡಿದಿರುವುದೂ ಇದೇ ದಾರಿ.

ಇನ್ನು ಆ ಮೆನು. ಶಾರ್ಪ್ ಫಿಲ್ಟರ್ 20,000ದವರೆಗೆ ಸಪಾಟಾಗಿರುತ್ತದೆ. ಆದರೆ 'ಟಕ್' ಅನ್ನುವ ಸದ್ದಿನ ಹಿಂದೆ ಮುಂದೆ ಸಣ್ಣ ಕಂಪನ ಬಿಡುತ್ತದೆ. ಮಿನಿಮಮ್ ಫೇಸ್ ಆ ಕಂಪನವನ್ನೆಲ್ಲ ಸದ್ದು ಆದ ನಂತರಕ್ಕೆ ತಳ್ಳುತ್ತದೆ. ಈ ಕಂಪನ ಇರುವುದು 22,000 ಹರ್ಟ್ಸ್ ಆಸುಪಾಸಿನಲ್ಲಿ. ಇದರ ಬಗ್ಗೆ ಸುಮ್ನೆ ತಲೆ ಕೆಡಿಸಿಕೊಳ್ಳುತ್ತೇವೆ ಅಂತ ನನಗನ್ನಿಸುತ್ತದೆ. ಸ್ಲೋ ಕೊಂಚ ಬೇಗ ಇಳಿಯಲು ಶುರುಮಾಡುತ್ತದೆ, ನೆರಳನ್ನೂ ಒಂದಿಷ್ಟು ಒಳಗೆ ಬಿಡುತ್ತದೆ. ಕೆಲವು ಪ್ಲೇಯರುಗಳಲ್ಲಿ ಚುಕ್ಕಿ ಹೆಚ್ಚಿಸದ 'ಎನ್‌ಒಎಸ್' ಅಂತಲೂ ಇರುತ್ತದೆ. ಅದರಲ್ಲಿ 10,000ದ ಹತ್ತಿರ ಮುಕ್ಕಾಲು ಡೆಸಿಬೆಲ್, 20,000ದಲ್ಲಿ 3 ಡೆಸಿಬೆಲ್ ಚಿಲ್ಲರೆ ಕಮ್ಮಿಯಾಗುತ್ತದೆ. ಸೆಕೆಂಡಿಗೆ 96,000 ಚುಕ್ಕಿಯ ಹೈ-ರೆಸ್ ಫೈಲಿನಲ್ಲಿ ಫಿಲ್ಟರಿಗೆ 48,000ದವರೆಗೂ ಜಾಗ ಇರುವುದರಿಂದ ನಿಧಾನವಾಗಿ ಇಳಿದರೂ ನಡೆಯುತ್ತದೆ.

ಇಷ್ಟೆಲ್ಲ ಅಳೆದು ತೂಗುವವರು ಇಯರ್‌ಫೋನನ್ನೇ ಮರೆಯುತ್ತಾರೆ. ಒಂದು ಇಯರ್‌ಫೋನಿನ ಇಂಪಿಡೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) ಒಂದು ಸ್ವರಕ್ಕೆ 8 ಓಮ್, ಇನ್ನೊಂದಕ್ಕೆ 32 ಓಮ್ ಇದೆ ಅಂದುಕೊಳ್ಳಿ. ಪ್ಲೇಯರಿನ ಔಟ್‌ಪುಟ್ ಇಂಪಿಡೆನ್ಸ್ 10 ಓಮ್ ಇದ್ದರೆ ಆ ಎರಡು ಸ್ವರಗಳ ನಡುವೆ 4.7 ಡೆಸಿಬೆಲ್ ಏರುಪೇರಾಗುತ್ತದೆ. ಅದೂ ಕಿವಿಗೆ ಚೆನ್ನಾಗಿ ಕೇಳುವ ಜಾಗದಲ್ಲೇ. ಔಟ್‌ಪುಟ್ 1 ಓಮ್ ಇದ್ದರೆ ಅದೇ ಏರುಪೇರು 1 ಡೆಸಿಬೆಲ್ ಕೂಡ ಮುಟ್ಟುವುದಿಲ್ಲ.