ವಿದ್ಯುತ್ ಕಿಟ್ ಹಾಕಿದ ಸೈಕಲ್ ಏರಿನಲ್ಲಿ ಸೋಲುವುದೇಕೆ? ವೋಲ್ಟ್ ಮತ್ತು ಆಂಪಿಯರ್‌ಗಳನ್ನು ಒಟ್ಟಿಗೆ ಓದುವ ಬಗೆ

ಮಾಮೂಲಿ ಸೈಕಲ್‌ಗೆ ಮೋಟಾರ್, ಬ್ಯಾಟರಿ ಸೇರಿಸುವ ಕಿಟ್‌ನ ಒಂದು ಸಾಧಾರಣ ಜೋಡಣೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 26 ಇಂಚಿನ ಸೈಕಲ್, ಹಿಂದಿನ ಚಕ್ರದಲ್ಲಿ 36 ವೋಲ್ಟ್, 250 ವಾಟ್‌ನ ಗೇರ್ ಇರುವ ಹಬ್ ಮೋಟಾರ್, 10 ಆಂಪಿಯರ್-ಅವರ್ ಲಿಥಿಯಂ ಪ್ಯಾಕ್, ಮೋಟಾರಿಗೆ ಹೋಗುವ ಕರೆಂಟನ್ನು ನಿಯಂತ್ರಿಸುವ, 15 ಆಂಪಿಯರ್ ಮಿತಿಯ ಕಂಟ್ರೋಲರ್. ದೂರು ಬಹುತೇಕ ಒಂದೇ: ಸಮತಟ್ಟು ರಸ್ತೆಯಲ್ಲಿ ಚೆನ್ನಾಗಿ ಓಡುತ್ತದೆ, ಮೇಲ್ಸೇತುವೆ ಬಂತೆಂದರೆ ಏದುಸಿರು ಬಿಡುತ್ತದೆ. ಆಗ ಎಲ್ಲರ ಕಣ್ಣೂ ಮೊದಲು ಹೋಗುವುದು ಮೋಟಾರಿನ ಮೇಲೆ. ಕಿಟ್‌ನಲ್ಲಿ ಬಿಚ್ಚಿ ಬದಲಿಸಲು ಅತಿ ಕಷ್ಟವಾದ ಭಾಗ ಅದು. ತಪ್ಪಿತಸ್ಥನಾಗಿರುವುದು ಮಾತ್ರ ಅಪರೂಪ. ಭಾಗಗಳನ್ನು ಒಂದೊಂದಾಗಿ ಬದಲಿಸಿ ನೋಡುವುದು ದುಡ್ಡಿದ್ದವರ ವಿಧಾನ. ನಮಗೆ ಬೇಕಾದದ್ದು ಎರಡು ಅಂಕಿಗಳು: ಏರು ಹತ್ತುತ್ತಿರುವ ಹೊತ್ತಿನಲ್ಲಿ ವೋಲ್ಟೇಜ್ ಎಷ್ಟು, ಕರೆಂಟ್ ಎಷ್ಟು.

ಏರು ಕೇಳುವ ಲೆಕ್ಕ

ಸವಾರ, ಸೈಕಲ್, ಬ್ಯಾಟರಿ ಎಲ್ಲ ಸೇರಿ 100 ಕಿಲೋಗ್ರಾಂ ಎಂದುಕೊಳ್ಳಿ. ಸಮತಟ್ಟಿನಲ್ಲಿ ಗಂಟೆಗೆ 25 ಕಿಲೋಮೀಟರ್ ವೇಗಕ್ಕೆ ಗಾಳಿಯ ತಡೆ ಸುಮಾರು 120 ವಾಟ್, ಟೈರ್ ಉರುಳುವ ತಡೆ ಸುಮಾರು 55 ವಾಟ್ ತಿನ್ನುತ್ತವೆ. ಚಕ್ರಕ್ಕೆ 175 ವಾಟ್ ಮುಟ್ಟಬೇಕು. ಮೋಟಾರ್ ಮತ್ತು ಕಂಟ್ರೋಲರ್‌ಗಳ ಒಟ್ಟು ದಕ್ಷತೆ 75 ಶೇಕಡಾ ಎಂದರೆ ಬ್ಯಾಟರಿಯಿಂದ 233 ವಾಟ್, ಅಂದರೆ 36 ವೋಲ್ಟ್‌ನಲ್ಲಿ ಆರೂವರೆ ಆಂಪಿಯರ್.

ಈಗ ನೂರು ಮೀಟರ್ ಸಾಗಿದರೆ ಆರು ಮೀಟರ್ ಏರುವ ರಸ್ತೆ. ವೇಗವನ್ನು 15 ಕಿಲೋಮೀಟರಿಗೆ ಇಳಿಸಿದರೂ ಭಾರವನ್ನು ಮೇಲೆತ್ತಲೆಂದೇ 245 ವಾಟ್ ಬೇಕು (100 × 9.81 × 0.06 × 4.17). ಟೈರ್ ಮತ್ತು ಗಾಳಿಯ ಪಾಲು ಸೇರಿ 300 ದಾಟುತ್ತದೆ. ಬ್ಯಾಟರಿಯ ಕಡೆ ಅದು 405 ವಾಟ್, ಹನ್ನೊಂದು ಆಂಪಿಯರ್‌ಗಿಂತ ಹೆಚ್ಚು. ವೇಗ ಕಡಿಮೆಯಾದರೂ ಕರೆಂಟ್ ಸುಮಾರು ಒಂದೂಮುಕ್ಕಾಲು ಪಟ್ಟಾಯಿತು. ಸಮತಟ್ಟಿನಲ್ಲಿ ಅಡಗಿರುವ ದೋಷಗಳೆಲ್ಲ ಏರಿನಲ್ಲಿ ಹೊರಬೀಳುವುದು ಇದೇ ಕಾರಣಕ್ಕೆ.

ಒಂದು ಮಾತನ್ನು ಇಲ್ಲಿಯೇ ಮುಗಿಸಿಬಿಡೋಣ. ನಮ್ಮ ದೇಶದ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ನೋಂದಣಿಯ ಗೊಡವೆಯಿಲ್ಲದೆ ಓಡಿಸಬೇಕಾದರೆ ಮೋಟಾರಿನ ಅರ್ಧ ಗಂಟೆಯ ಸಾಮರ್ಥ್ಯ 250 ವಾಟ್‌ಗಿಂತ, ವೇಗ ಗಂಟೆಗೆ 25 ಕಿಲೋಮೀಟರ್‌ಗಿಂತ ಕಡಿಮೆ ಇರಬೇಕು. ಆದ್ದರಿಂದ ಎಷ್ಟೋ ಕಿಟ್‌ಗಳು ಆ ವೇಗದಲ್ಲಿ ತಾವಾಗಿಯೇ ಎಳೆತ ನಿಲ್ಲಿಸುತ್ತವೆ. 'ಇಪ್ಪತ್ತೈದರ ಮೇಲೆ ಹೋಗುವುದಿಲ್ಲ' ಎಂಬುದು ದೋಷವಲ್ಲ.

ಅಳೆಯುವುದು ಹೇಗೆ

ನಿಂತ ಸೈಕಲ್‌ನ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದು '38 ವೋಲ್ಟ್ ಇದೆ, ಬ್ಯಾಟರಿ ಚೆನ್ನಾಗಿದೆ' ಎನ್ನುವುದು ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿರುವ ಎತ್ತನ್ನು ನೋಡಿ ಉಳುಮೆಯ ಬಲ ಹೇಳಿದ ಹಾಗೆ. ಎಳೆಯುವಾಗ ಅಳೆಯಬೇಕು. ಬ್ಯಾಟರಿ ಮತ್ತು ಕಂಟ್ರೋಲರ್ ನಡುವೆ ಜೋಡಿಸುವ ಡಿಸಿ ವಾಟ್ ಮೀಟರ್ ಇದಕ್ಕೆ ಅತ್ಯುತ್ತಮ. ವೋಲ್ಟ್, ಆಂಪಿಯರ್ ಎರಡನ್ನೂ ಒಟ್ಟಿಗೆ ತೋರಿಸುತ್ತದೆ, ಮುಟ್ಟಿದ ಗರಿಷ್ಠ ಕರೆಂಟ್ ಮತ್ತು ಕನಿಷ್ಠ ವೋಲ್ಟೇಜನ್ನು ನೆನಪಿಟ್ಟುಕೊಳ್ಳುವ ಮಾದರಿಗಳೂ ಇವೆ. ಹ್ಯಾಂಡಲ್‌ಗೆ ಕಟ್ಟಿಕೊಂಡು ಏರು ಹತ್ತಿ, ಮೇಲೆ ಹೋಗಿ ನಿಂತು ಓದಿ. ಓಡಿಸುತ್ತಲೇ ಓದುವ ಸಾಹಸ ಬೇಡ.

ಮಲ್ಟಿಮೀಟರಿನ 10 ಆಂಪಿಯರ್ ತೂತಿನ ಮೂಲಕ ಈ ಕರೆಂಟ್ ಹರಿಸಬೇಡಿ. ಒಳಗಿನ ಫ್ಯೂಸ್ ಹೋಗುತ್ತದೆ, ಫ್ಯೂಸ್ ಇಲ್ಲದ ಅಗ್ಗದ ಮೀಟರ್ ಆದರೆ ಮೀಟರೇ ಹೋಗುತ್ತದೆ. ಕ್ಲಾಂಪ್ ಮೀಟರ್ ಕೊಳ್ಳುವವರು ಅದು ಡಿಸಿ ಕರೆಂಟ್ ಅಳೆಯುತ್ತದೆಯೇ ಎಂದು ಮೊದಲು ಕೇಳಿ. ಕಡಿಮೆ ಬೆಲೆಯ ಹೆಚ್ಚಿನವು ಎಸಿ ಮಾತ್ರ ಅಳೆಯುತ್ತವೆ.

ಸಿಗುವ ಉತ್ತರ ಮೂರರಲ್ಲಿ ಒಂದು. ಕರೆಂಟ್ ಏರುತ್ತದೆ, ಆದರೆ ವೋಲ್ಟೇಜ್ ಕುಸಿಯುತ್ತದೆ. ಇಲ್ಲವೇ ವೋಲ್ಟೇಜ್ ಗಟ್ಟಿಯಾಗಿ ನಿಲ್ಲುತ್ತದೆ, ಕರೆಂಟ್ ಏರುವುದೇ ಇಲ್ಲ. ಅದೂ ಅಲ್ಲದಿದ್ದರೆ ಎರಡೂ ಸರಿಯಿರುತ್ತವೆ, ಸೈಕಲ್ ಮಾತ್ರ ಮುಂದೆ ಹೋಗುವುದಿಲ್ಲ.

ವೋಲ್ಟೇಜ್ ಕುಸಿದರೆ

ಹೆಚ್ಚಿನ ಪ್ರಕರಣಗಳು ಇಲ್ಲಿಯೇ ಮುಗಿಯುತ್ತವೆ. 36 ವೋಲ್ಟ್ ಪ್ಯಾಕ್ ಎಂದರೆ ಸರಣಿಯಲ್ಲಿ ಹತ್ತು ಸೆಲ್ ಗುಂಪುಗಳು. ತುಂಬಿದಾಗ 42 ವೋಲ್ಟ್. 30 ಅಥವಾ 31ರ ಹತ್ತಿರ ಕಂಟ್ರೋಲರ್ ಕೈಚೆಲ್ಲುತ್ತದೆ. ಪ್ಯಾಕ್‌ನ ಆಂತರಿಕ ರೋಧ 0.15 ಓಂ ಇದ್ದರೆ ಏರಿನಲ್ಲಿ ಕಳೆದುಕೊಳ್ಳುವುದು ಎರಡು ವೋಲ್ಟ್‌ಗಿಂತ ಕಡಿಮೆ. ಹಳತಾಗಿ ರೋಧ 0.5 ಓಂಗೆ ಏರಿದ ಪ್ಯಾಕ್ ಅದೇ ಹನ್ನೊಂದು ಚಿಲ್ಲರೆ ಆಂಪಿಯರ್‌ಗೆ ಐದೂವರೆ ವೋಲ್ಟ್‌ಗೂ ಹೆಚ್ಚು ಕಳೆದುಕೊಳ್ಳುತ್ತದೆ. ಪೂರ್ತಿ ಚಾರ್ಜ್ ಆಗಿದ್ದಾಗ 42ರಿಂದ 36ಕ್ಕೆ ಇಳಿದರೆ ಸವಾರನಿಗೆ ಗೊತ್ತೇ ಆಗುವುದಿಲ್ಲ. ಅರ್ಧ ಖಾಲಿಯಾಗಿ 36.5ರಲ್ಲಿ ನಿಂತ ಪ್ಯಾಕ್ ಏರಿನಲ್ಲಿ 31ಕ್ಕೆ ಬೀಳುತ್ತದೆ, ಮೋಟಾರ್ ಕಡಿದು ಕಡಿದು ಎಳೆಯುತ್ತದೆ. 'ಬೆಳಿಗ್ಗೆ ಹೋಗುವಾಗ ಸರಿ, ಸಂಜೆ ಬರುವಾಗ ಸುಸ್ತು' ಎಂಬ ದೂರು ಕೇಳಿದರೆ ಮೊದಲು ಇದನ್ನೇ ಶಂಕಿಸಿ.

ಆದರೆ ಕುಸಿತವನ್ನು ಕಂಡ ಕೂಡಲೇ ಬ್ಯಾಟರಿಯ ಮೇಲೆ ಗೂಬೆ ಕೂರಿಸಬೇಡಿ. ಕುಸಿತ ಎಲ್ಲಿ ಆಗುತ್ತಿದೆ ಎಂದು ನೋಡಬೇಕು. ಒಂದು ಲೆಕ್ಕ: ಸುಮ್ಮನಿರುವಾಗ 38.5 ವೋಲ್ಟ್, 12 ಆಂಪಿಯರ್ ಎಳೆಯುವಾಗ ಕಂಟ್ರೋಲರ್ ಬಾಯಲ್ಲಿ 34.9. ವ್ಯತ್ಯಾಸ 3.6; ಹನ್ನೆರಡರಿಂದ ಭಾಗಿಸಿದರೆ ಒಟ್ಟು ರೋಧ 0.3 ಓಂ. ಈಗ ಅದೇ ಹೊರೆಯಲ್ಲಿ ಬ್ಯಾಟರಿಯ ಟರ್ಮಿನಲ್‌ಗಳ ಮೇಲೆಯೇ ಅಳೆದಾಗ 36.7 ಸಿಕ್ಕಿತು ಎನ್ನಿ. ಹಾಗಾದರೆ ಬ್ಯಾಟರಿಯೊಳಗೆ ಹೋದದ್ದು 1.8 ವೋಲ್ಟ್ ಮಾತ್ರ, ಅದು ತಪ್ಪಲ್ಲ. ಇನ್ನೊಂದು 1.8 ದಾರಿಯಲ್ಲಿ ಸೋರಿದೆ. 12 ಆಂಪಿಯರ್‌ಗೆ 1.8 ವೋಲ್ಟ್ ಎಂದರೆ 21 ವಾಟ್‌ಗೂ ಮೇಲ್ಪಟ್ಟ ಶಾಖ, ಒಂದು ಸಣ್ಣ ಬೆಸುಗೆ ಕಡ್ಡಿಯಷ್ಟು. ಏರು ಹತ್ತಿದ ಮೇಲೆ ಸೈಕಲ್ ನಿಲ್ಲಿಸಿ ಕನೆಕ್ಟರ್‌ಗಳ ಹೊರಮೈಯನ್ನು ಒಂದೊಂದಾಗಿ ಮುಟ್ಟಿದರೆ ಯಾವುದು ಎಂದು ಬೆರಳಿಗೇ ತಿಳಿಯುತ್ತದೆ.

ತಂತಿ ಸಣ್ಣದಿರಬಹುದೇ? ತಾಮ್ರದ ಲೆಕ್ಕ ಹಾಕಿ ನೋಡಿ: ಹೋಗಿಬರುವ ದಾರಿ ಒಟ್ಟು ಎರಡು ಮೀಟರ್, ಒಂದು ಚದರ ಮಿಲಿಮೀಟರ್ ತಂತಿ, ರೋಧ 0.034 ಓಂ, ನಷ್ಟ 0.4 ವೋಲ್ಟ್. ಎರಡೂವರೆ ಚದರ ಮಿಲಿಮೀಟರಿಗೆ ಏರಿಸಿದರೆ 0.17 ವೋಲ್ಟ್. ದಪ್ಪ ತಂತಿ ಒಳ್ಳೆಯದೇ, ಆದರೆ ನಿಜವಾದ ಕಳ್ಳರು ಬೇರೆ: ಸಡಿಲವಾದ ಕನೆಕ್ಟರ್, ತುಕ್ಕು ಹಿಡಿದ ಫ್ಯೂಸ್ ಹೋಲ್ಡರ್, ಮತ್ತು ಮೋಟಾರಿನ ಪೂರ್ತಿ ಕರೆಂಟನ್ನು ತನ್ನ ಮೂಲಕವೇ ಹರಿಸಿಕೊಳ್ಳುವ ಪುಟ್ಟ ಕೀ ಸ್ವಿಚ್. ಅದನ್ನು ಅಲ್ಲಿ ಇಟ್ಟವರ ಧೈರ್ಯವನ್ನು ಮೆಚ್ಚಬೇಕು. ಕೀ ಸ್ವಿಚ್ ಇರಬೇಕಾದದ್ದು ಕಂಟ್ರೋಲರ್‌ನ ಸಣ್ಣ ಕೆಂಪು ತಂತಿಯಲ್ಲಿ, ದಪ್ಪ ತಂತಿಯಲ್ಲಲ್ಲ.

ಕುಸಿತ ಬ್ಯಾಟರಿಯೊಳಗೇ ಇದ್ದರೆ ಮುಂದಿನ ಪ್ರಶ್ನೆ: ಎಲ್ಲ ಸೆಲ್‌ಗಳೂ ಹಳತಾಗಿವೆಯೇ, ಅಥವಾ ಒಂದು ಗುಂಪು ಮಾತ್ರ ಸೋತಿದೆಯೇ? ಒಂಬತ್ತು ಗುಂಪು 3.7 ವೋಲ್ಟ್‌ನಲ್ಲಿ, ಒಂದು 3.2ರಲ್ಲಿ ಇದ್ದರೆ ಒಟ್ಟು 36.5. ಹೊರಗಿನಿಂದ ನೋಡಿದವರಿಗೆ ಪ್ಯಾಕ್ ಆರೋಗ್ಯವಾಗಿದೆ. ಏರಿನಲ್ಲಿ ಆ ಒಂದು ಗುಂಪು ಮೂರು ವೋಲ್ಟ್‌ಗಿಂತ ಕೆಳಕ್ಕೆ ಜಾರಿದಾಗ ಬಿಎಂಎಸ್ (ಸೆಲ್‌ಗಳನ್ನು ಕಾಯುವ, ಪ್ಯಾಕ್‌ನೊಳಗಿನ ಸರ್ಕ್ಯೂಟ್) ಇಡೀ ಪ್ಯಾಕ್ ಅನ್ನು ಕಡಿದುಹಾಕುತ್ತದೆ. ಡಿಸ್‌ಪ್ಲೇ ಒಮ್ಮೆಲೇ ಆರಿಹೋಗಿ, ಸ್ವಲ್ಪ ಹೊತ್ತಿನ ಮೇಲೆ ಅಥವಾ ಚಾರ್ಜರ್ ತಾಗಿಸಿದ ಮೇಲೆ ಮತ್ತೆ ಬರುವುದು ಇದರ ಗುರುತು. ಕಂಟ್ರೋಲರ್ ಕೈಚೆಲ್ಲಿದಾಗ ಸಾಮಾನ್ಯವಾಗಿ ಡಿಸ್‌ಪ್ಲೇ ಬೆಳಗುತ್ತಲೇ ಇರುತ್ತದೆ. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಅರ್ಧ ಶೋಧನೆ ಮುಗಿದಂತೆ.

ಗುಂಪುಗಳನ್ನು ಬ್ಯಾಲೆನ್ಸ್ ಕನೆಕ್ಟರ್‌ನಲ್ಲಿ (ಪ್ರತಿ ಗುಂಪಿನಿಂದ ಬಿಎಂಎಸ್‌ಗೆ ಬರುವ ಸಣ್ಣ ತಂತಿಗಳ ಕನೆಕ್ಟರ್) ಒಂದೊಂದಾಗಿ ಅಳೆಯಬಹುದು. ಪಿನ್‌ಗಳು ಹತ್ತಿರ ಹತ್ತಿರ ಇರುತ್ತವೆ, ಮೀಟರಿನ ಮೊನೆ ಎರಡಕ್ಕೆ ತಾಗಿದರೆ ಕಿಡಿ ಹಾರುತ್ತದೆ. ಪ್ಯಾಕ್ ಬಿಚ್ಚಿ ಅಭ್ಯಾಸವಿಲ್ಲದವರು ಇದನ್ನು ಗೊತ್ತಿರುವವರ ಎದುರಿನಲ್ಲೇ ಮಾಡಿ. ಊದಿಕೊಂಡ ಸೆಲ್ ಕಂಡರೆ ಅಲ್ಲಿಗೇ ನಿಲ್ಲಿಸಿ. ಬಿಎಂಎಸ್ ಪದೇ ಪದೇ ಕಡಿಯುತ್ತದೆಂದು ಅದನ್ನೇ ತಪ್ಪಿಸಿ ನೇರವಾಗಿ ತಂತಿ ಹಾಕಿಕೊಳ್ಳುವ ಸಲಹೆ ಅಲ್ಲಲ್ಲಿ ಕೇಳಿಬರುತ್ತದೆ. ಅಂಥ ಪ್ಯಾಕನ್ನು ಆ ಸಲಹೆ ಕೊಡುವವರು ತಮ್ಮ ಮನೆಯಲ್ಲೇ ಚಾರ್ಜ್ ಮಾಡಲಿ.

ಚಾರ್ಜರನ್ನೂ ಮರೆಯಬೇಡಿ. ಹಸಿರು ದೀಪ ಬಂದ ಮೇಲೆ ಪ್ಯಾಕ್ 41.5ರಿಂದ 42ರೊಳಗೆ ಇರಬೇಕು. ಇನ್ನು ಸೀಸ-ಆಮ್ಲದ ಬ್ಯಾಟರಿ ಇರುವವರಿಗೆ ಒಂದು ಮಾತು: ಅದರ ಮೈಮೇಲೆ ಬರೆದಿರುವ 12 ಆಂಪಿಯರ್-ಅವರ್ ಎಂಬುದು ಇಪ್ಪತ್ತು ಗಂಟೆಗಳಲ್ಲಿ ನಿಧಾನವಾಗಿ ಖಾಲಿ ಮಾಡಿದಾಗಿನ ಲೆಕ್ಕ. 12 ಆಂಪಿಯರ್‌ನಂತೆ ಎಳೆದರೆ ಅದರ ಅರ್ಧವೋ, ಸ್ವಲ್ಪ ಹೆಚ್ಚೋ ಸಿಕ್ಕೀತು.

ಕರೆಂಟ್ ಏರದಿದ್ದರೆ

ವೋಲ್ಟೇಜ್ 38ರಲ್ಲಿ ನಿಂತಿದೆ, ಥ್ರಾಟಲ್ ಪೂರ್ತಿ ತಿರುಗಿಸಿದರೂ ಕರೆಂಟ್ ಐದಾರು ಆಂಪಿಯರ್ ದಾಟುವುದಿಲ್ಲ. ಯಾರೋ ಕಂಟ್ರೋಲರ್‌ಗೆ 'ಸಾಕು' ಎನ್ನುತ್ತಿದ್ದಾರೆ. ಯಾರು ಎಂದು ಹುಡುಕಬೇಕು.

ಮೊದಲು ಥ್ರಾಟಲ್. ಮೂರು ತಂತಿಗಳಲ್ಲಿ ಕೆಂಪು 5 ವೋಲ್ಟ್, ಕಪ್ಪು ಸೊನ್ನೆ, ಮೂರನೆಯದು ಸಂಕೇತ. ಸಂಕೇತದ ತಂತಿಯು ಥ್ರಾಟಲ್ ಬಿಟ್ಟಾಗ 0.8 ವೋಲ್ಟ್ ಆಸುಪಾಸು, ಪೂರ್ತಿ ತಿರುಗಿಸಿದಾಗ ಮೂರೂವರೆಗಿಂತ ಮೇಲೆ ತೋರಿಸಬೇಕು. ಎರಡೂವರೆಯಲ್ಲೇ ನಿಂತರೆ ಕಂಟ್ರೋಲರ್ ನಿಮ್ಮನ್ನು ಅರ್ಧ ಥ್ರಾಟಲ್‌ನ ಸವಾರ ಎಂದೇ ತಿಳಿಯುತ್ತದೆ. ಕೆಂಪು ತಂತಿಯಲ್ಲೇ ಐದಕ್ಕಿಂತ ತೀರಾ ಕಡಿಮೆಯಿದ್ದರೆ ಅದೇ ತಂತಿಯಿಂದ ವಿದ್ಯುತ್ ಪಡೆಯುವ ಯಾವುದೋ ಸೆನ್ಸರ್ ಕೆಟ್ಟು ಅದನ್ನು ಕೆಳಕ್ಕೆ ಎಳೆಯುತ್ತಿದೆ. ಒಂದೊಂದಾಗಿ ಕಳಚಿ ನೋಡಿ.

ಬ್ರೇಕ್ ಲಿವರ್‌ನ ಕಟ್ ಆಫ್ ಸ್ವಿಚ್ ಅರ್ಧಂಬರ್ಧ ಒತ್ತಿಕೊಂಡಿದ್ದರೆ ಮೋಟಾರ್ ನಡುನಡುವೆ ಸಾಯುತ್ತದೆ. ಕನೆಕ್ಟರ್ ಕಳಚಿ ಖಾಲಿ ಜಾಗದಲ್ಲಿ ಪರೀಕ್ಷಿಸಿದರೆ ಸಾಕು. ಪೆಡಲ್ ಸೆನ್ಸರ್‌ನ ಅಯಸ್ಕಾಂತದ ಬಿಲ್ಲೆ ಕೆಲವೇ ಮಿಲಿಮೀಟರ್ ದೂರ ಸರಿದರೂ ಸಂಕೇತ ತಪ್ಪುತ್ತದೆ. ಅನೇಕ ಕಂಟ್ರೋಲರ್‌ಗಳಲ್ಲಿ ವೇಗ ಮಿತಿಯದೇ ಒಂದು ತಂತಿ ಜೋಡಿ ಇರುತ್ತದೆ. ಏನೆಂದು ತಿಳಿಯದೆ ಅದನ್ನು ಕೂಡಿಸಿಟ್ಟವರು ಸೈಕಲ್‌ಗೆ ತಾವೇ ಕಡಿವಾಣ ಹಾಕಿರುತ್ತಾರೆ. ಡಿಸ್‌ಪ್ಲೇಯಲ್ಲಿ ಚಕ್ರದ ಅಳತೆ 29 ಇಂಚು ಎಂದಿದ್ದು ನಿಜವಾದ ಚಕ್ರ 26 ಆಗಿದ್ದರೆ 25ರ ಮಿತಿ ಸುಮಾರು ಇಪ್ಪತ್ತೆರಡೂವರೆಗೇ ಬಂದುಬಿಡುತ್ತದೆ.

ಕರೆಂಟ್ ಕಡಿಮೆ, ಆದರೆ ಮೋಟಾರಿನ ಸದ್ದು ಏರುತ್ತಿದೆ, ಸೈಕಲ್ ಏರುತ್ತಿಲ್ಲ ಎಂದಾದರೆ ತಂತಿಗಳನ್ನು ಬಿಟ್ಟುಬಿಡಿ. ಹಬ್ ಒಳಗಿನ ನೈಲಾನ್ ಗೇರ್ ಸವೆದಿದೆ, ಇಲ್ಲವೇ ಕ್ಲಚ್ ಜಾರುತ್ತಿದೆ.

ಎರಡೂ ಸರಿ, ಸೈಕಲ್ ಮಾತ್ರ ನಿಧಾನ

ಮೊದಲು ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ. ಬ್ರೇಕ್ ಉಜ್ಜುತ್ತಿದೆಯೇ, ಟೈರ್‌ನಲ್ಲಿ ಗಾಳಿ ಇದೆಯೇ? ಇಷ್ಟು ದೂರ ಓದಿ ಬಂದ ಮೇಲೆ ಪಂಕ್ಚರ್ ಅಂಗಡಿಯಲ್ಲಿ ಉತ್ತರ ಸಿಕ್ಕರೆ ಬೇಸರ ಮಾಡಿಕೊಳ್ಳಬೇಡಿ.

ಬಳಿಕ ಮೋಟಾರ್. ಚಕ್ರವನ್ನು ನೆಲದಿಂದ ಎತ್ತಿ ಪೂರ್ತಿ ಥ್ರಾಟಲ್ ಕೊಟ್ಟಾಗ ಈ ಗಾತ್ರದ ಗೇರ್ ಹಬ್ ಒಂದು ಆಂಪಿಯರ್ ಆಸುಪಾಸಿನಲ್ಲಿ ಓಡಬೇಕು. ಹೊರೆಯೇ ಇಲ್ಲದೆ ಮೂರು ನಾಲ್ಕು ಆಂಪಿಯರ್ ತಿನ್ನುತ್ತಾ, ಗೊರಗೊರ ಸದ್ದು ಮಾಡುತ್ತಿದ್ದರೆ ಫೇಸ್ ತಂತಿಗಳ (ಮೋಟಾರಿನ ಸುರುಳಿಗೆ ಕರೆಂಟ್ ಒಯ್ಯುವ ದಪ್ಪ ತಂತಿಗಳು) ಮತ್ತು ಹಾಲ್ ತಂತಿಗಳ (ಮೋಟಾರ್ ಎಲ್ಲಿ ತಿರುಗಿ ನಿಂತಿದೆ ಎಂದು ತಿಳಿಸುವ ಸೆನ್ಸರ್‌ನ ಸಣ್ಣ ತಂತಿಗಳು) ಜೋಡಣೆ ತಪ್ಪಿರುವ ಸಾಧ್ಯತೆ ಹೆಚ್ಚು. ಕಂಟ್ರೋಲರ್ ಬದಲಿಸಿದ ಮೇಲೆ ಶುರುವಾದ ಸೋಲಿಗೆ ಇದೇ ಮೊದಲ ಶಂಕೆ. ಬಣ್ಣಕ್ಕೆ ಬಣ್ಣ ಸೇರಿಸಿದರೆ ಸರಿಯಾಗುತ್ತದೆ ಎಂದು ನಂಬುವಂತಿಲ್ಲ, ತಯಾರಕರ ಬಣ್ಣಗಳು ಒಂದೇ ರೀತಿ ಇರುವುದಿಲ್ಲ. ಮೂರು ದಪ್ಪ, ಮೂರು ಸಣ್ಣ ತಂತಿಗಳನ್ನು 36 ಬಗೆಯಲ್ಲಿ ಜೋಡಿಸಬಹುದು. ಕೆಲವು ತಪ್ಪು ಜೋಡಣೆಗಳಲ್ಲೂ ಚಕ್ರ ತಿರುಗುತ್ತದೆ ಎಂಬುದೇ ಇಲ್ಲಿನ ಮೋಸ. ಹಾಲ್ ತಂತಿಗಳನ್ನು ಹಾಗೆಯೇ ಬಿಟ್ಟು ಫೇಸ್ ತಂತಿಗಳ ಆರು ಜೋಡಣೆಗಳನ್ನು ಮಾತ್ರ ನೋಡಿ. ಮೆತ್ತಗೆ ತಿರುಗಿ ಅತಿ ಕಡಿಮೆ ಕರೆಂಟ್ ತಿನ್ನುವುದೇ ಸರಿಯಾದದ್ದು. ಅದರಲ್ಲಿ ಮೋಟಾರ್ ಹಿಮ್ಮುಖವಾಗಿ ತಿರುಗಿದರೆ ಎರಡು ಹಾಲ್ ತಂತಿಗಳನ್ನು ಅದಲುಬದಲು ಮಾಡಿ ಮತ್ತೆ ಆರನ್ನು ನೋಡಿ. ಥ್ರಾಟಲ್ ಸ್ವಲ್ಪವೇ ಕೊಡಿ, ಹೊರೆ ಹಾಕಬೇಡಿ.

ಹಾಲ್ ಸೆನ್ಸರ್ ಸತ್ತಿದ್ದರೂ ಎಳೆತ ತಡವರಿಸುತ್ತದೆ. ಕಂಟ್ರೋಲರ್ ಚಾಲೂ ಇಟ್ಟು, ಸಣ್ಣ ತಂತಿಗಳಲ್ಲಿ ಒಂದೊಂದನ್ನು ಅಳೆಯುತ್ತಾ ಚಕ್ರವನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸಿ. ಮೂರೂ ಸೊನ್ನೆ ಮತ್ತು ಐದರ ನಡುವೆ ಬದಲಾಗುತ್ತಿರಬೇಕು. ಹಿಂದಕ್ಕೇ ಏಕೆಂದರೆ, ಗೇರ್ ಹಬ್‌ನಲ್ಲಿ ಕ್ಲಚ್ ಇರುವುದರಿಂದ ಮುಂದಕ್ಕೆ ತಿರುಗಿಸಿದರೆ ಹೊರಕವಚ ಮಾತ್ರ ಸುತ್ತುತ್ತದೆ, ಒಳಗಿನ ಮೋಟಾರ್ ಅಲುಗುವುದಿಲ್ಲ. ಮಳೆಗಾಲದ ಬಳಿಕ ಬಂದ ದೋಷವಾದರೆ ಸೆನ್ಸರ್‌ಗಿಂತ ಮೊದಲು ಆಕ್ಸಲ್ ಹತ್ತಿರದ ಕನೆಕ್ಟರ್ ಬಿಚ್ಚಿ ನೀರು ಒರೆಸಿ.

ಇದಾವುದೂ ಅಲ್ಲದೆ ಎಲ್ಲವೂ ಸರಿಯಿದ್ದರೆ ಮೋಟಾರಿನ ಸುತ್ತುಗಳ ಸಂಖ್ಯೆ ನೋಡಿ. 26 ಇಂಚಿನ ಚಕ್ರದ ಸುತ್ತಳತೆ ಸುಮಾರು 2.07 ಮೀಟರ್. ನಿಮಿಷಕ್ಕೆ 201 ಸುತ್ತಿನ ಮೋಟಾರ್ ಈ ಚಕ್ರದಲ್ಲಿ 25 ಕಿಲೋಮೀಟರ್ ವೇಗದ್ದು, 328 ಸುತ್ತಿನದು ನಲವತ್ತು ದಾಟುವಂಥದ್ದು. ಎರಡನೆಯದು ಏರಿನಲ್ಲಿ ಹತ್ತು ಕಿಲೋಮೀಟರಿಗೆ ಇಳಿದಾಗ ತನ್ನ ಸಹಜ ವೇಗದ ಕಾಲುಭಾಗದಲ್ಲಿ ತೆವಳುತ್ತಿರುತ್ತದೆ. ಆಗ ಸುರುಳಿಯೊಳಗಿನ ಕರೆಂಟ್ ಬ್ಯಾಟರಿಯ ಕರೆಂಟ್‌ಗಿಂತ ಬಹಳ ಹೆಚ್ಚಿರುತ್ತದೆ. ಕರೆಂಟ್ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ವಾಟ್ ಮೀಟರ್ 400 ತೋರಿಸುತ್ತಿರುತ್ತದೆ, ಅದರ ದೊಡ್ಡ ಪಾಲು ಹಬ್ ಬಿಸಿಮಾಡಲು ಹೋಗುತ್ತದೆ. ಏರು ಶುರುವಾಗುವ ಮೊದಲೇ ಗೇರ್ ಇಳಿಸಿ, ಪೆಡಲ್ ತುಳಿದು ವೇಗವನ್ನು ಹದಿನೈದಕ್ಕಿಂತ ಕೆಳಗೆ ಬಿಡದಿರುವುದು ಖರ್ಚಿಲ್ಲದ ದಾರಿ. ಖರ್ಚಿನ ದಾರಿ ಬೇಕೆಂದರೆ ಅದೇ ಮೋಟಾರನ್ನು 20 ಇಂಚಿನ ರಿಮ್‌ಗೆ ಕಟ್ಟಿಸಿ ಚಿಕ್ಕ ಚಕ್ರದ ಸೈಕಲ್‌ಗೆ ಹಾಕಬಹುದು: ಗರಿಷ್ಠ ವೇಗ ಮೂವತ್ತರ ಹತ್ತಿರಕ್ಕೆ ಇಳಿಯುತ್ತದೆ, ನೆಲವನ್ನು ತಳ್ಳುವ ಬಲ ಸುಮಾರು ಮೂರನೇ ಒಂದು ಪಾಲು ಹೆಚ್ಚುತ್ತದೆ.